ಡ್ಯೂಟಿಗೆ ಬರುವ ಕೋಳಿಗಳು

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರು ಯಾರೂ ಇಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮೂರು ಕೋಳಿಗಳು (ಎರಡು ಹೇಂಟೆ, ಒಂದು ಹುಂಜ) ಡ್ಯೂಟಿಗೆ ಬರುತ್ತವೆ.

ಕಾರಣ, ಚೇಳು. ಕೊಟ್ಟೂರಿನ ಅಂಚಿನಲ್ಲಿರುವ ನಮ್ಮ ಹಿತ್ತಲಿಗೆ ಕಲ್ಲು ಪೇರಿಸಿದ ಗೋಡೆ. ಮೊದಲ ಮಳೆ ಬಿದ್ದರೆ ಸಾಕು, ಒಗೆಯುವ ಕಲ್ಲಿನ ಕೆಳಗೆ ಚೇಳು. ಒಮ್ಮೆ ನನ್ನ ಚಪ್ಪಲಿಯಲ್ಲೂ! ಪೌಡರ್ ಹಾಕಿದೆ, ಸ್ಪ್ರೇ ಹೊಡೆದೆ. ಸತ್ತದ್ದು ಇರುವೆ ಮಾತ್ರ.

"ನಮ್ ಕೋಳಿ ಬಿಡ್ರಿ ಅಕ್ಕಾರ, ಒಂದೂ ಉಳಿಯಂಗಿಲ್ಲ" ಎಂದಳು ಪಕ್ಕದ ಮನೆಯ ಖಾಜಾಬಿ.

"ಶಿವಶಿವಾ! ದಿನಾ ಲಿಂಗಪೂಜಿ ಮಾಡೋ ಮನಿಯಾಗ ಕೋಳಿ?" ಅತ್ತೆ ಗದರಿದರು.

ಕೊನೆಗೆ ಒಪ್ಪಂದವಾಯಿತು. ಕೋಳಿ ಖಾಜಾಬಿಯದು, ಮೊಟ್ಟೆಯೂ ಅವಳದೇ. ಹಗಲು ನಮ್ಮ ಹಿತ್ತಲಲ್ಲಿ ಕೆಲಸ. ರಾತ್ರಿ ಮಾತ್ರ ಒಂದೂ ಉಳಿಯಕೂಡದು.

ಕೋಳಿ ಚೇಳು ತಿನ್ನುವುದನ್ನು ನೋಡಿದ್ದೀರಾ? ಕೊಕ್ಕಿನಲ್ಲಿ ಎತ್ತಿ ನೆಲಕ್ಕೆ ಬಡಿಯುತ್ತದೆ. ಕೊಂಡಿ ಮೆತ್ತಗಾದ ಮೇಲೆ ಗುಟುಕ್ಕನೆ ನುಂಗಿ, ಕೊಕ್ಕನ್ನು ಎರಡೂ ಕಡೆ ಕಲ್ಲಿಗೆ ಒರೆಸಿಕೊಳ್ಳುತ್ತದೆ. ಎಂಥಾ ಟೇಬಲ್ ಮ್ಯಾನರ್ಸ್!

ಕಳೆದ ತಿಂಗಳು ಒಂದು ಸಂಜೆ ಕರಿಕೋಳಿ ಮನೆಗೆ ಹೋಗಲಿಲ್ಲ. ಹುಡುಕಿದರೆ, ನಮ್ಮ ಹಿತ್ತಲಲ್ಲೇ ಸಗಣಿಯ ಕುಳ್ಳು ಒಟ್ಟಿದ ಮೂಲೆಯಲ್ಲಿ ಒಂಬತ್ತು ಮೊಟ್ಟೆಯ ಮೇಲೆ ಕಾವಿಗೆ ಕೂತಿದೆ. ಎತ್ತಲು ಹೋದೆ. ಕುಕ್ಕಿತು. (ಕಾನ್ವೆಂಟಿನಲ್ಲಿ 'ದಿ ಹೆನ್ ಲೇಸ್ ಎಗ್ಸ್' ಎಂದು ಬಾಯಿಪಾಠ ಮಾಡಿಸಿದ ಸಿಸ್ಟರ್ ಇದನ್ನು ಹೇಳಿರಲಿಲ್ಲ.)

ಖಾಜಾಬಿ ಬುಟ್ಟಿ ಹಿಡಿದು ಬಂದು ಅತ್ತೆಗೆ ಹೇಳಿದಳು. "ಒಯ್ತೀನ್ರಿ ಅಮ್ಮಾರ. ಜಾಗ ಬದಲಾದ್ರ ಕಾವು ಬಿಟ್ಟು ಏಳತೈತಿ, ಮೊಟ್ಟಿ ಕೆಡ್ತಾವ. ಏನ್ ಮಾಡದು, ಮಾತು ಅಂದ್ರ ಮಾತು."

ಮರಿಯಾಗುವ ತನಕ ಇಪ್ಪತ್ತೊಂದು ದಿನ ಇಲ್ಲೇ ಇರಲಿ ಎನ್ನುವ ಧೈರ್ಯ ನನಗೆಲ್ಲಿ? ಅತ್ತೆಯ ಮುಖ ನೋಡಿದೆ. ಅವರು ಕೋಳಿಯನ್ನೇ ನೋಡುತ್ತಿದ್ದರು. ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಹಿಡಿ ಜೋಳ, ಇನ್ನೊಂದರಲ್ಲಿ ಒಡೆದ ಗಡಿಗೆಯ ಚೂರಲ್ಲಿ ನೀರು.

ಖಾಜಾಬಿ ಖಾಲಿ ಬುಟ್ಟಿ ಹಿಡಿದು ಹಿಂತಿರುಗಿದಳು. ಎಷ್ಟೇ ಗಟ್ಟಿ ನೇಮಕ್ಕೂ ಒಂದು ಹಿತ್ತಲ ಬಾಗಿಲು ಇರುತ್ತೆ, ಅಲ್ವಾ?

ಮರುದಿನ ಮಧ್ಯಾಹ್ನ ಗೋಡೆಯ ಸಂದಿಯಿಂದ ಮುಂಗುಸಿ ಇಣುಕಿತು. ಮೊಟ್ಟೆಯ ವಾಸನೆ ಹಿಡಿದಿತ್ತು. (ಮುಂಗುಸಿ ಕಂಡರೆ ಶುಭ ಎಂದು ನನಗೆ ಹೇಳಿಕೊಟ್ಟವರೇ ಅತ್ತೆ.) "ಹೋಗಲೇ ಕಳ್ಳಾ!" ಎಂದು ಅವರೇ ಕೋಲು ಬೀಸಿದರು. ಅಂದಿನಿಂದ ಅತ್ತೆಯ ಮಧ್ಯಾಹ್ನದ ನಿದ್ದೆ ರದ್ದು. ಕುಳ್ಳಿನ ಮೂಲೆಯಲ್ಲಿ ಕೂತು ಹಡಗಲಿ ಮಲ್ಲಿಗೆ ಕಟ್ಟುತ್ತಾ ಕಾವಲು.

ಮೊನ್ನೆ ಹರಪನಹಳ್ಳಿಯಿಂದ ಅತ್ತೆಯ ಅಕ್ಕ ಬಂದರು. ನೇಮದಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಹಿತ್ತಲಿಗೆ ಹೋದವರು ಮೂಗಿಗೆ ಸೆರಗು ಹಿಡಿದು ನಿಂತುಬಿಟ್ಟರು. ಕರಿಕೋಳಿಯ ಹಿಂದೆ ಎಂಟು ಮರಿ, ಚಿಂವ್ ಚಿಂವ್.

"ಏನೇ ಇದು? ನೀನೂ ಕೋಳಿ ಸಾಕೀಯಾ?"



ಅತ್ತೆ ಹೂವಿನ ದಾರದಿಂದ ತಲೆ ಎತ್ತಲಿಲ್ಲ.

"ಸಾಕಿಲ್ಲಕ್ಕ. ಅದು ಖಾಜಾಬಿ ಮನಿದು. ಹೆರಿಗಿಗೆ ತವರಿಗೆ ಬಂದೈತಿ."