ಬಾರದ ಬಿರುಗಾಳಿಯ ನೆಪ

ಮಾರಿಸ್‌ಟೌನ್‌ನ ನಮ್ಮ ಆಫೀಸಿನ ಬಾಗಿಲು ಅಂದು ಬೆಳಿಗ್ಗೆ ನನ್ನ ಕಾರ್ಡಿಗೆ ತೆರೆಯಲಿಲ್ಲ. ಜೊತೆಗೆ ಕೆಲಸ ಮಾಡುವ ಮೈಸೂರಿನ ನಸ್ರೀನ್‌ಳ ಕಾರ್ಡಿಗೂ ತೆರೆಯಲಿಲ್ಲ. ಬ್ಯಾಂಕುಗಳು ಮುಳುಗುತ್ತಿದ್ದ ವರ್ಷವದು. ಹಿಂದಿನ ದಿನ ಮಧ್ಯಾಹ್ನ ಮ್ಯಾನೇಜರ್, “ಬಿರುಗಾಳಿ ಬರುತ್ತಿದೆ, ಜೋಪಾನ” ಎಂದು ನಮ್ಮನ್ನು ಬೇಗ ಮನೆಗೆ ಕಳಿಸಿದ್ದ. ಅಟ್ಲಾಂಟಿಕ್‌ನಲ್ಲಿ ಮೂರು ದಿನದ ಹಿಂದೆ ಹುಟ್ಟಿ, ಹೆಸರನ್ನೂ ಪಡೆದಿದ್ದ ಆ ಬಿರುಗಾಳಿ ಉತ್ತರದ ತಣ್ಣನೆಯ ನೀರಿಗೆ ಬಂದು ಸೊರಗಿ, ದಡ ಮುಟ್ಟದೆ ರಾತ್ರಿಯೇ ಸತ್ತುಹೋಗಿತ್ತು. ಹೊರಗೆ ಚೆಂದದ ಬಿಸಿಲು.

ಕಾವಲುಗಾರ ನಮ್ಮ ಸಾಮಾನು ತುಂಬಿದ್ದ ಎರಡು ಪೆಟ್ಟಿಗೆ ತಂದಿಟ್ಟ. ಕೆಲಸ ಹೋಗಿತ್ತು.

“ಸ್ಟಾರ್ಮ್‌ಗಲ್ಲ ಕಣೇ, ನಮ್ ಮುಖ ನೋಡೋಕೆ ಹೆದರಿ ಕಳಿಸಿದಾನೆ,” ಎಂದಳು ನಸ್ರೀನ್.

ಮರುವರ್ಷ ಆ ಮ್ಯಾನೇಜರ್ ರೈಲಿನಲ್ಲಿ ಸಿಕ್ಕಿ, ನಗುತ್ತಾ ಕೈ ಚಾಚಿದ. ನಾನು ಕಿಟಕಿಯತ್ತ ತಿರುಗಿಕೊಂಡೆ. ಆ ಒರಟುತನಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.