ಇಪ್ಪತ್ತನಾಲ್ಕನೆಯ ಮುಖ

ಬೆಳಗಿನ ಆರೂಕಾಲು. ಕಿಟಕಿಗೆ ಅಂಟಿಕೊಂಡಂತೆ ಸಾಣೆಯಕ್ಕ ಕುಳಿತಿದ್ದಾರೆ. ಬಲಗೈ ಸಾಣೆಚಕ್ರ ತಿರುಗಿಸುತ್ತಿದೆ. ಎಡಗೈಯಲ್ಲಿ ಒಂದು ಕಡ್ಡಿ, ಅದರ ತುದಿಗೆ ಅರಗಿನಿಂದ ಅಂಟಿಸಿದ ಕೆಂಪು ಹರಳು. ಅದರ ಮೇಲೆ ಕೊರೆಯಬೇಕಾದ ಇಪ್ಪತ್ತನಾಲ್ಕು ಚಪ್ಪಟೆ ಮುಖಗಳಲ್ಲಿ ಇಪ್ಪತ್ತಮೂರು ಮುಗಿದಿವೆ. ಕೊನೆಯದು ಕೆಟ್ಟರೆ ನಾಲ್ಕು ದಿನದ ಕೆಲಸ ನೀರಿನಲ್ಲಿ ಹೋಮ. ಅಕ್ಕನ ಕೆಲಸದ ಬಗ್ಗೆ ಬರೆಯಲು ಬಂದ ನಾನು ಕೆಮ್ಮು ನುಂಗಿಕೊಂಡು ಮೂಲೆಯಲ್ಲಿದ್ದೇನೆ.

ಹೊಸ್ತಿಲಲ್ಲಿ ನಿವೃತ್ತ ಅಂಚೆಯಣ್ಣ ಚಡಪಡಿಸುತ್ತಿದ್ದಾರೆ. ಆಸ್ಪತ್ರೆ ಸೇರಿದ ಹೆಂಡತಿಯ ಕಿವಿಯೋಲೆಗಳನ್ನು ಜೇಬಿನಲ್ಲಿಟ್ಟು, ಮರೆತು, ಅಂಗಿ ಒಗೆದ ಪುಣ್ಯಾತ್ಮ ಇವರೇ. ಒಂದು ಓಲೆಯ ಹರಳು ಕಳಚಿ ಮೋರಿಯ ಪಾಲಾಯಿತು. ಹೆಂಡತಿ ಗುಣವಾಗಿ ಇವತ್ತು ಹತ್ತಕ್ಕೆ ಮನೆಗೆ ಬರುತ್ತಾರೆ. "ಅವಳಮ್ಮನ ಓಲೆ ಅಕ್ಕಾ. ಬಂದ ತಕ್ಷಣ ಕಣ್ಣೀರು ಹಾಕಿಸೋದು ಹೇಗೆ?"

ಅಪ್ಪನಿಂದ ಕಲಿತ ಈ ಕಸುಬಿಗೆ ನಲವತ್ತಮೂರು ವರ್ಷ. ಮುಖವೇ ಇಲ್ಲದ ಗುಂಡು ಹರಳು, ಮೆಟ್ಟಿಲಂತೆ ಇಳಿಯುವ ಚೌಕ ಹರಳು, ತಳ ಚಪ್ಪಟೆಯಾಗಿ ಮೇಲೆ ಮೊಗ್ಗಿನಂತೆ ಏಳುವ ಈ ಬಗೆ, ಎಲ್ಲವನ್ನೂ ಅಕ್ಕ ಬಲ್ಲರು. ಯಂತ್ರ ದಿನಕ್ಕೆ ನೂರು ಕೊರೆಯುತ್ತದೆ, ಇವರು ವಾರಕ್ಕೆ ಮೂರು. "ಬೆರಳಿನ ಗೆರೆ ಎಲ್ಲ ಸವೆದುಹೋಗಿದೆ. ಹೆಬ್ಬೆಟ್ಟು ಒತ್ತಿದ್ರೆ ಕಚೇರಿಯ ಮಿಷನ್ನು ನನ್ನನ್ನ ಮನುಷ್ಯಳು ಅಂತಲೇ ಒಪ್ಪಲ್ಲ," ಎಂದು ನಗುತ್ತಾರೆ.

ಈ ಸಲ ಅಕ್ಕನೇ ಎಡವಿದ್ದರು. ಮೊದಲು ಕೊರೆದ ಹರಳು ಅಚ್ಚುಕಟ್ಟಾಗಿತ್ತು, ಆದರೆ ಇನ್ನೊಂದು ಓಲೆಯಲ್ಲಿ ಉಳಿದಿದ್ದ ಹಳೆಯದಕ್ಕೆ ಜೋಡಿಯಾಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಹಳೆಯ ಹರಳಿನ ಮುಖಗಳೆಲ್ಲ ಒಂದೇ ಕಡೆಗೆ ಕೊಂಚ ವಾಲಿದ್ದವು. "ಅದನ್ನ ಕೊರೆದೋರು ಎಡಚರು! ನಾನು ಜಾಣತನ ತೋರಿಸಕ್ಕೆ ಹೋಗಿ ಎಲ್ಲಾ ನೆಟ್ಟಗೆ ಮಾಡಿಬಿಟ್ಟಿದ್ದೆ." ಹೊಸ ಕಲ್ಲು ತೆಗೆದುಕೊಂಡರು, ಕಡ್ಡಿಯನ್ನು ಎಡಗೈಗೆ ಬದಲಿಸಿದರು. "ಎರಡು ದಿನ ಆ ಕೈ ನನ್ನ ಮಾತೇ ಕೇಳಲಿಲ್ಲ."

ಚಕ್ರ ನಿಲ್ಲುತ್ತದೆ. ಅರಗು ಬಿಸಿ ಮಾಡಿ ಹರಳನ್ನು ಬಿಡಿಸಿ, ಒರೆಸಿ, ಓಲೆಯಿಂದ ಕಳಚಿಟ್ಟಿದ್ದ ಹಳೆಯದರ ಜೊತೆ ಅಂಗೈಯಲ್ಲಿ ಹಾಕಿ ಅಲುಗಿಸುತ್ತಾರೆ.

"ಯಾವುದು ಅಕ್ಕಾ ಹಳೇದು?" ಅಂಚೆಯಣ್ಣ ಬಗ್ಗಿ ನೋಡುತ್ತಾರೆ.

ಅಕ್ಕ ಬೆಳಕಿಗೆ ಹಿಡಿಯುತ್ತಾರೆ. ಕನ್ನಡಕ ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. "ಅಯ್ಯೋ ಅಣ್ಣಾ, ನಂಗೂ ಗೊತ್ತಾಗ್ತಿಲ್ವಲ್ಲ!"

ಅಂಚೆಯಣ್ಣನಿಗೆ ಹೋದ ಜೀವ ಬಂದಂತಾಗುತ್ತದೆ. ಹರಳುಗಳನ್ನು ಕೂರಿಸಲು ಪಕ್ಕದ ಅಕ್ಕಸಾಲಿಗರ ಅಂಗಡಿಗೆ ಓಡುತ್ತಾರೆ, ಚಪ್ಪಲಿ ಇಲ್ಲೇ ಬಿಟ್ಟು. ನನಗೂ ಎದೆ ಹಗುರಾಗಿದೆ.

ಇಷ್ಟು ಕೆಲಸಕ್ಕೆ ಹೆಸರು ಬೇಡವೇ ಎಂದು ಕೇಳುತ್ತೇನೆ. ಅಕ್ಕ ಎಡಗೈ ನೀವಿಕೊಳ್ಳುತ್ತಾ ಹೇಳುತ್ತಾರೆ: "ಅಣ್ಣನ ಹೆಂಡ್ತಿ ಓಲೆ ಹಾಕ್ಕೊಂಡು, ಕನ್ನಡಿ ನೋಡಿ, ಏನೂ ಅನ್ನದೆ ಕಾಫಿ ಕುಡಿಯಕ್ಕೆ ಹೋದ್ರೆ ಸಾಕು."