ಪೈಪಿನಂಗಡಿ ಸಾಹುಕಾರರ ಕಾರ್ಡು

ಕಾಗವಾಡದಲ್ಲಿ ನಮ್ಮ ಮನೆಯೆದುರು ಪೈಪಿನಂಗಡಿ ಇಟ್ಟಿದ್ದ ಸಾಹುಕಾರರು ಅಂಗಡಿಯ ಹೆಸರಿನಲ್ಲಿ ಒಂದಾದಮೇಲೊಂದು ಕ್ರೆಡಿಟ್ ಕಾರ್ಡು ಮಾಡಿಸುತ್ತಿದ್ದರು. ಹೊಸ ಕಾರ್ಡಿನ ಬೋನಸ್ ಸಿಗಬೇಕಾದರೆ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚಾಗಲೇಬೇಕು. ಅವರೋ ಚಹಾಕ್ಕೂ ಕೈಬಿಚ್ಚದವರು. ಹಾಗಾಗಿ ಊರವರ ಖರ್ಚಿಗೆ ಕಾಯುತ್ತಿದ್ದರು. ಯಾರೇ ಗೊಬ್ಬರ ಕೊಳ್ಳಲಿ, ಮದುವೆ ಸೀರೆ ಕೊಳ್ಳಲಿ, "ರೊಕ್ಕ ನನಗ ಕೊಡ್ರಿ, ಕಾರ್ಡ್ ನಾ ಉಜ್ಜತೀನಿ" ಎಂದು ಮುಂದೆ ಬರುತ್ತಿದ್ದರು.

ಅಪ್ಪನನ್ನು ಮಿರಜದ ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಸಾಹುಕಾರರು ಎಳನೀರು ಹಿಡಿದು ಅಲ್ಲಿಗೇ ಬಂದರು. ಕಾರ್ಡು ತೆಗೆದು, "ರೊಕ್ಕ ಆಮ್ಯಾಲ ಕೊಡ್ರಿ" ಎಂದರು. ನನಗೆ ಕಣ್ಣು ತುಂಬಿ ಬಂತು. ಸಾಹುಕಾರರು ಆಸ್ಪತ್ರೆಯ ಬಿಲ್ಲನ್ನು ಎರಡು ಸಲ ಓದಿ, ಮೆಲ್ಲಗೆ ಕೇಳಿದರು:

"ಮಾಸ್ತರ, ಅಪ್ಪಾರನ್ನ ಇನ್ನೊಂದಿನ ಇಲ್ಲೇ ಇಡಾಕ ಬರ್ತೈತೇನ್ರಿ? ಬೋನಸ್ಸಿಗೆ ಸ್ವಲ್ಪ ಕಮ್ಮಿ ಬೀಳಾಕತ್ತೈತಿ."